ಏಕವಚನ, ಬಹುವಚನ ಮತ್ತು ಹೆಜ್ಜೇನು

ಮರ್ಯಾದೆಯಾಗಿ ಮಾತನಾಡುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥವರು ಬೈದರೂ ಬೈಸಿಕೊಂಡವನಿಗೆ ಹಾರ ಹಾಕಿಸಿಕೊಂಡಂತಾಗುತ್ತದೆ. ನನಗೆ ಆ ಭಾಗ್ಯವಿರಲಿಲ್ಲ. ಅರಕಲಗೂಡಿನ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದ ನಾನು ದೇವರನ್ನೂ ಎಮ್ಮೆಯನ್ನೂ ಒಂದೇ ವಚನದಲ್ಲಿ ಮಾತಾಡಿಸಿದವನು. ಐವತ್ತರ ದಶಕದ ಕೊನೆಯಲ್ಲಿ ಹಾಸನಕ್ಕೆ ಮೇಷ್ಟ್ರ ತರಬೇತಿಗೆಂದು ಹೋದಾಗಲೇ ಗೊತ್ತಾದದ್ದು, ಜಗತ್ತಿನಲ್ಲಿ ಬಹುವಚನ ಎಂಬುದೊಂದು ಇದೆ ಮತ್ತು ಅದಿಲ್ಲದೆ ಮೇಷ್ಟ್ರಾಗಲು ಆಗುವುದಿಲ್ಲ ಎಂದು.

ಅಲ್ಲಿ ನಮಗೆ ಶಿಕ್ಷಕನ ನಡತೆಯ ಪಾಠ ಹೇಳುತ್ತಿದ್ದವರು ಶೇಷಾದ್ರಿರಾಯರು. ಮುಚ್ಚುಗೊರಳಿನ ಕೋಟು, ಜರಿ ಪೇಟ, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ. "ಮಕ್ಕಳನ್ನು ಮರ್ಯಾದೆಯಿಂದ ಕರೆಯಿರಿ. ತಾವು ಎನ್ನಿ. ಬನ್ನಿ, ಕುಳಿತುಕೊಳ್ಳಿ ಎನ್ನಿ. ಎಂಥ ಸಂದರ್ಭದಲ್ಲೂ ಧ್ವನಿ ಏರಬಾರದು" ಎನ್ನುವರು. ನಾನು ಬಾಡಿಗೆ ಕೋಣೆಯಲ್ಲಿ ಗೋಡೆಯ ಎದುರು ನಿಂತು, "ತಾವು ಎದ್ದು ನಿಂತು ಉತ್ತರ ಹೇಳಿ" ಎಂದು ಅಭ್ಯಾಸ ಮಾಡಿದೆ. ಗೋಡೆ ಬಹಳ ಸಭ್ಯವಾಗಿ ನಡೆದುಕೊಂಡಿತು.

ಪಾಠ ಮಾಡಿ ಕಲಿಯಲು ನನ್ನನ್ನು ಕಳಿಸಿದ್ದು ಹೊಳೆನರಸೀಪುರದ ಹತ್ತಿರ, ಹೇಮಾವತಿ ದಡದ ಒಂದು ಹಳ್ಳಿಗೆ. ಮೊದಲ ದಿನ ಎದುರಿಗಿದ್ದ ಹುಡುಗನಿಗೆ, "ತಮ್ಮ ಹೆಸರೇನು?" ಎಂದೆ. ಅವನು ತಿರುಗಿ ಹಿಂದೆ ನೋಡಿದ. ಅವನ ಹಿಂದಿದ್ದವನೂ ಹಿಂದೆ ನೋಡಿದ. ಕೊನೆಯ ಸಾಲಿನವನು ಎದ್ದು ಹೋಗಿ ಬಾಗಿಲಲ್ಲಿ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿ ಬಂದ. ಒಂದು ವಾರ ಕಳೆಯುವಷ್ಟರಲ್ಲಿ ಒಬ್ಬ ತಂದೆ ಹೊಲದ ಕೆಲಸ ಬಿಟ್ಟು ಬಂದು, ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ನಿಂತ.

"ಸಾ, ನಮ್ ಐಕ್ಳು ಏನಾರ ತಪ್ ಮಾಡಿದ್ರೆ ಎಲ್ಡು ಬುಡಿ. ಬ್ಯಾಡ ಅನ್ನಕಿಲ್ಲ. ಆದ್ರೆ ತಾವು ಗೀವು ಅಂತ ಅಣಕುಸ್ಬ್ಯಾಡಿ ಸಾ. ಮಗ ಮನೇಗ್ ಬಂದು ಅಳ್ತದೆ."

ಅವನಿಗೆ ನಾನು ಮಕ್ಕಳ ಆತ್ಮಗೌರವದ ಬಗ್ಗೆ ರಾಯರಿಂದ ಕಲಿತದ್ದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಂಗಾದ್ರೆ ಕ್ಷಮಿಸ್ಬುಡಿ ಸಾ, ಇನ್ಮ್ಯಾಕೆ ಅವ್ನು ತಪ್ ಮಾಡಕಿಲ್ಲ" ಎಂದು ಕೈ ಮುಗಿದು ಹೋದ.

ಪರೀಕ್ಷೆಯ ಪಾಠದ ದಿನ ರಾಯರೇ ಬಸ್ಸಿಳಿದು ಬಂದರು. ಅವರು ಒಪ್ಪಿದರೆ ನಾನು ಮೇಷ್ಟ್ರು. ಇಲ್ಲದಿದ್ದರೆ ಊರಿಗೆ ಹಿಂತಿರುಗಿ ಹೊಗೆಸೊಪ್ಪಿನ ಹೊಲದಲ್ಲಿ ಕುಡಿ ಚಿವುಟಬೇಕು. ಅವರನ್ನು ಮೆಚ್ಚಿಸಲೆಂದು ಪಾಠವನ್ನು ಹೊರಗಡೆ, ಆಲದ ಮರದ ಕೆಳಗೆ ಇಟ್ಟುಕೊಂಡೆ. ವಿಷಯ, ಎಲೆಗಳ ಆಕಾರ. ಅಪ್ಪಣೆಯಿಲ್ಲದೆ ಯಾರೂ ಏಳಬಾರದೆಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ರಾಯರು ಕುರ್ಚಿ ಹಾಕಿಸಿಕೊಂಡು ಹಿಂದೆ ಕುಳಿತರು. ಬಹುವಚನ ಹೇಮಾವತಿಯಂತೆ ಹರಿಯುತ್ತಿತ್ತು. ರಾಯರು ತಲೆದೂಗುತ್ತಿದ್ದರು.

ಅಷ್ಟರಲ್ಲಿ ಒಬ್ಬಳು ಹುಡುಗಿ ಕೈಯೆತ್ತಿ, "ಸಾ, ಎಜ್ಜೇನು" ಎಂದಳು.

"ಪ್ರಶ್ನೆಗಳನ್ನು ತಾವು ಕೊನೆಯಲ್ಲಿ ಕೇಳಿ" ಎಂದೆ.

"ಸಾ, ಅದ್ದು ಎಜ್ಜೇನ್‌ಗೆ ಬಡೀತು ಸಾ!"

ತಲೆಯೆತ್ತಿ ನೋಡಿದೆ. ಮೇಲಿನ ಕೊಂಬೆಯಲ್ಲಿ ಮೊರದಗಲದ ಜೇನುಹುಟ್ಟು. ಹದ್ದು ಎರಗಿ ಹಾರಿತ್ತು, ಕರಿಯ ಮೋಡವೊಂದು ಗುಂಯ್ ಎನ್ನುತ್ತಾ ಬಿಚ್ಚಿಕೊಳ್ಳುತ್ತಿತ್ತು. ಆಗಲೂ ನನ್ನ ಬಾಯಿಂದ ಬಂದದ್ದು, "ಮಕ್ಕಳೇ, ತಾವೆಲ್ಲರೂ ಸಾವಕಾಶವಾಗಿ ಎದ್ದು ಒಳಗೆ ದಯಮಾಡಿಸಬೇಕು." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರೂ ಅಲ್ಲಾಡಲಿಲ್ಲ. ಮೊದಲನೆಯ ಹುಳು ಸಣ್ಣವನೊಬ್ಬನ ಕೆನ್ನೆಗೆ ಕಚ್ಚಿತು, ಅವನು ಚೀರಿದ. ನನ್ನೊಳಗೆ ಏನೋ ಹರಿದುಹೋಯಿತು.

"ಎದ್ದೇಳ್ರಲಾ! ಓಡ್ರಲಾ ಒಳಿಕ್ಕೆ! ಕದ ಆಕ್ಕಳ್ರಲಾ!"

ತಮ್ಮನ್ನೇ ಕರೆದದ್ದೆಂದು ಮಕ್ಕಳಿಗೆ ಆಗ ಗೊತ್ತಾಯಿತು. ಎಲ್ಲವೂ ಚಂಗನೆ ಎದ್ದು ಓಡಿದವು. ಸಣ್ಣವನನ್ನು ಕಂಕುಳಿಗೆ ಹಾಕಿಕೊಂಡು ಹಿಂತಿರುಗಿ ನೋಡಿದರೆ, ರಾಯರು ಕೊಡೆ ಬಿಚ್ಚಲು ಹೆಣಗುತ್ತಾ ಕುರ್ಚಿಯಲ್ಲೇ ಇದ್ದಾರೆ.

"ಲೇ ಯಜಮಾನ! ನಿಂಗ್ ಬ್ಯಾರೆ ಯೋಳ್ಬೇಕೇನ್ಲಾ? ಓಡ್ಲಾ!"

ರಾಯರು ಓಡಿದರು. ಪೇಟ ಅಲ್ಲೇ ಉಳಿಯಿತು.

ಶಾಲೆಯೊಳಗೆ ಕದ ಮುಚ್ಚಿಕೊಂಡು, ಕಚ್ಚಿದ ಕಡೆಗೆಲ್ಲ ಸುಣ್ಣ ಹಚ್ಚಿದೆವು. ನಾಲ್ಕಾರು ಮಕ್ಕಳಿಗೆ ಒಂದೊಂದು ಬಿದ್ದಿತ್ತು, ಅಷ್ಟೆ. ರಾಯರ ಬಲಗಿವಿ ಮಾತ್ರ ಹಲಸಿನ ತೊಳೆಯಷ್ಟಾಗಿತ್ತು. ಅವರು ನನ್ನನ್ನು ಮೂಲೆಗೆ ಕರೆದರು. ಹೊಗೆಸೊಪ್ಪಿನ ಹೊಲ ಕಣ್ಣ ಮುಂದೆ ಬಂತು.

"ತಾವು ಮಕ್ಕಳಿಗೆ ಏಕವಚನ ಬಳಸಿದಿರಿ."

"ಹೌದು ಸಾ."

"ನನಗೂ."

ಅವರು ಸುಣ್ಣದ ಕಿವಿಯನ್ನು ಮೆಲ್ಲಗೆ ಮುಟ್ಟಿಕೊಂಡರು. "ನಮ್ಮ ತಂದೆ ಹೋದಮೇಲೆ ನನ್ನನ್ನು ಯಾರೂ ಲೇ ಅಂದಿರಲಿಲ್ಲ, ಕಣಯ್ಯ" ಎಂದು ನಕ್ಕರು. "ಒಳ್ಳೆಯ ಪಾಠ. ಹೋಗಿ ಪೇಟ ತಂದುಕೊಡು. ಈಗಲ್ಲ, ಹುಳು ಕೂತ ಮೇಲೆ."

ಹಾಗೆ ನಾನು ಪಾಸಾದೆ. ಚನ್ನರಾಯಪಟ್ಟಣದಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿಯ ಪೇಟೆ ಮಕ್ಕಳ ನಡುವೆ ಬಹುವಚನ ನಿಧಾನವಾಗಿ ನಾಲಿಗೆಗೆ ಒಗ್ಗಿತು. ಬೈಯುವುದನ್ನೂ ಬಹುವಚನದಲ್ಲೇ ಕಲಿತೆ. ಈಗ ನಾನು ಪಕ್ಕಾ ಮೇಷ್ಟ್ರು ಎಂದು ಬೀಗಿಕೊಂಡು, ಬೇಸಿಗೆ ರಜೆಗೆ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. "ಚೆನ್ನಾಗಿದ್ದೀರಾ ಅಪ್ಪಾ? ತಾವು ಊಟ ಮಾಡಿದಿರಾ?" ಎಂದೆ.

ಅಪ್ಪನ ಕೈ ನಿಂತಿತು. ಹಗ್ಗವನ್ನು ಪಕ್ಕಕ್ಕಿಟ್ಟ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

"ಯಾಕ್ಲಾ ಮಗ, ನನ್ ಮ್ಯಾಲೆ ಕ್ವಾಪ್ವಾ?"