ವರಪ್ರಸಾದ ಮಾಸ್ತರರ ನಡೆದಾಡುವ ತೋಟ

ವರಪ್ರಸಾದ ಮಾಸ್ತರರನ್ನು ನಾನು ಮೊದಲು ಕಂಡ ದಿನ ಅವರು ಮೂರನೆಯ ಊಟಕ್ಕೆ ಕುಳಿತಿದ್ದರು. ಭೂಗೋಳ ಕಲಿಸಲು ಅಂದೇ ನಮ್ಮ ಶಾಲೆಗೆ ಬಂದಿದ್ದರು. ಹೆಡ್‌ಮಾಸ್ತರರು ಕರೆದರು, ಉಂಡರು; ಪಾದ್ರಿಗಳು ಕರೆದರು, ಉಂಡರು; ಇದಾವುದೂ ತಿಳಿಯದ ನಾನು ಕರೆದೆ, ಬಂದರು! ಎರಡನೆಯ ರೊಟ್ಟಿಗೆ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತು.

"ಸಾಕಾಗಿದ್ರ ಬಿಡ್ರಿ" ಎಂದೆ.

"ಛೇ ಛೇ, ನಿಮ್ಮ ಮನಸ್ಸು ನೋಯಿಸಲೇನ್ರಿ?" ಎಂದು ಮೂರನೆಯದನ್ನೂ ಮುರಿದರು. ಜಗತ್ತಿನ ಸಕಲ ಸಮುದ್ರಗಳ ಹೆಸರು ಬಲ್ಲ ಆ ಬಾಯಿಗೆ "ಒಲ್ಲೆ" ಎಂಬ ಎರಡಕ್ಷರ ಮಾತ್ರ ಬರುತ್ತಿರಲಿಲ್ಲ.

ಇಂಥವರು ಮೂವತ್ತಾರನೆಯ ಇಸವಿಯಲ್ಲಿ ಕೆಲಗೇರಿಯ ದಾರಿಗೆ ಸ್ವಂತ ಮನೆ ಕಟ್ಟಿಸಿದರು. ಗೋಡೆಯ ಸುಣ್ಣ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಅಂಗಳದಲ್ಲಿ ನಿಂತು ಹೆಂಡತಿಯ ಮುಂದೆ ಮಹಾಪ್ರತಿಜ್ಞೆ ಮಾಡಿದರು.

"ಮಾರ್ಥಾ, ಕೇಳು! ವರ್ಷಾ ಬೀಜ ಒಗದು, ವರ್ಷಾ ಕಿತ್ತು ಒಗಿಯೂ ತ್ವಾಟ ನನಗ ಬ್ಯಾಡ. ಒಮ್ಮೆ ಹಚ್ಚಿದ್ರ ಮೊಮ್ಮಕ್ಕಳ ಕಾಲದ ತನಕಾ ಹೂ ಬಿಡಬೇಕು! ಬ್ಯಾಸಿಗ್ಯಾಗ ನಮ್ಮ ದೀನಾನ ಲಗ್ನಕ್ಕ ಒಂದ ಒಂದು ಹೂ ಪ್ಯಾಟ್ಯಾಗಿಂದ ತಂದ್ರ ನನ್ನ ಹೆಸರು ವರಪ್ರಸಾದ ಅಲ್ಲ!"

"ಹಂಗಾರ ಇನ್ನೊಂದು ಹೆಸರು ಈಗ ಹುಡುಕಿ ಇಡ್ರಿ" ಎಂದರು ಮಾರ್ಥಾಬಾಯಿ.

ಮಾತು ಚೇಷ್ಟೆಯದಾದರೂ ಆಸೆ ಅವರದೂ ಅದೇ ಆಗಿತ್ತು. ಮದುವೆಯಾದಂದಿನಿಂದ ಬಾಡಿಗೆಯ ಮನೆಗಳಲ್ಲೇ ಕಾಲ ಕಳೆದಿದ್ದರು. ಮದುವೆಯ ದಿನ ಮಗಳು ದೀನಾಳ ಕೈಯಲ್ಲಿ ತಮ್ಮ ನೆಲದ ಹೂವಿರಬೇಕೆಂದು ಅವರಿಗೂ ಇತ್ತು.

ಗೃಹಪ್ರವೇಶದ ಪ್ರಾರ್ಥನೆಯ ದಿನ ಬಂದವರಲ್ಲಿ ಮೂವರು ಒಂದೊಂದು ಸಸಿ ತಂದರು. ಬಾಗಿಲು ಕಿಟಕಿ ಮಾಡಿಕೊಟ್ಟ ಬಡಿಗ ಗುಲಾಬಸಾಬರು ಗುಲಾಬಿ ತಂದರು. "ಮೆಟ್ಟಲದ ಬಲಕ್ಕ ಹಚ್ಚರಿ ಮಾಸ್ತರ. ಬಾಗಲಾನೂ ನಂದು, ಗುಲಾಬಿನೂ ನಂದು. ಬಂದ ಮಂದಿ ಎರಡೂ ನೋಡ್ಲಿ!"

"ಆಗ್ಲಿ ಸಾಬರ!"

ನೆರೆಮನೆಯ ಮುದುಕಿ ಶೇವಂತೆವ್ವ ದಾಸವಾಳ ತಂದಳು. "ತಮ್ಮಾ, ಮೆಟ್ಟಲದ ಬಲಕ್ಕ ಹಚ್ಚು. ನನ್ನ ಕಟ್ಟಿ ಮ್ಯಾಲಿಂದ ಕಾಣಬೇಕು."

"ಆಗ್ಲಿ ಅವ್ವಾ!"

ಹಾಲು ಹಾಕುವ ಬೀರಲಿಂಗಪ್ಪ ಕಣಗಿಲೆ ತಂದ. ಅವನಿಗೂ ಮೆಟ್ಟಿಲ ಬಲಭಾಗವೇ ಬೇಕಿತ್ತು. ಅವನಿಗೂ "ಆಗ್ಲಿ!" ಎಂದಾಯಿತು. ಮೆಟ್ಟಿಲಿಗಾದರೋ ಪಾಪ, ಒಂದೇ ಬಲಭಾಗ!

ಕೊನೆಗೆ ಮಾರ್ಥಾಬಾಯಿ ಹಳೆಯ ಬಾಡಿಗೆ ಮನೆಯಿಂದ ಹಸಿ ಅರಿವೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆಯ ಬೇರನ್ನು ಹಿಡಿದು, "ಇದಕ್ಕೆಲ್ಲಿ ಜಾಗಾ?" ಎಂದು ಕೇಳಿದರು.

"ನೀ ಮನಿಯಾಕಿ, ತಿಳಕೋತಿ. ಹಿತ್ತಲದಾಗ ಎಲ್ಲೆರೆ ಹಚ್ಚು."

ಅವರು ಬಚ್ಚಲ ನೀರು ಹರಿಯುವ ಕಡೆ ಹಚ್ಚಿದರು.

ಮುಂದೆ ಶುರುವಾಯಿತು ನೋಡಿ ಮಾಸ್ತರರ ವನವಿಹಾರ! ಬೆಳಿಗ್ಗೆ ಹಾಲಿನ ಹೊತ್ತಿಗೆ ಮೆಟ್ಟಿಲ ಬಲಕ್ಕೆ ಕಣಗಿಲೆ. ಬೀರಲಿಂಗಪ್ಪ ಹೋದೊಡನೆ ಅದನ್ನು ಕಿತ್ತು ಗೋಡೆಯ ಮರೆಯಲ್ಲಿ ನೆಡುವುದು. ಸಂಜೆ ಶೇವಂತೆವ್ವ ಕಟ್ಟೆಗೆ ಬರುವ ಮೊದಲು ಅದೇ ಗುಂಡಿಗೆ ದಾಸವಾಳ. ಶುಕ್ರವಾರ ನಮಾಜಿಗೆ ಹೊರಟ ಗುಲಾಬಸಾಬರು ಹಾಯ್ದು ಹೋಗುವಾಗ ಗುಲಾಬಿ. ಶಾಲೆಯಲ್ಲಿ "ಗಿಡಮರಗಳು ನಿಂತಲ್ಲೇ ಬೆಳೆಯುತ್ತವೆ" ಎಂದು ಕಲಿಸುವುದು, ಮನೆಗೆ ಬಂದು ಅವನ್ನೇ ಮೆರವಣಿಗೆ ಹೊರಡಿಸುವುದು!

"ಏನ್ರಿ, ಗಿಡಕ್ಕ ಬೇರು ಬರಬೇಕೋ, ಕಾಲು ಬರಬೇಕೋ?" ಎಂದರು ಮಾರ್ಥಾಬಾಯಿ.

"ಅವರು ಪ್ರೀತಿಲೆ ಕೊಟ್ಟಾರ. ಮನಸ್ಸು ನೋಯಿಸಲೇನು?"

ಮಳೆ ಇರುವ ತನಕ ಗಿಡಗಳೂ ಮಾಸ್ತರರ ಮನಸ್ಸು ನೋಯಿಸಲಿಲ್ಲ, ಸಹಿಸಿಕೊಂಡವು. ಚಳಿ ಬಿದ್ದೊಡನೆ ಎಲೆ ಉದುರಿಸಿದವು. ಗುಲಾಬಿ ಬರಿಯ ಮುಳ್ಳಾಯಿತು.

ದೀನಾಳ ನಿಶ್ಚಯದ ದಿನ ಬಂತು. ಮಾಸ್ತರರು ಹೊರಗೆ ಇಣುಕಿದರು. ಆ ಕಡೆಯಿಂದ ಹಾಲಿನ ಕೊಡ ಹೊತ್ತು ಬೀರಲಿಂಗಪ್ಪ, ಈ ಕಡೆಯಿಂದ ಕೋಲೂರಿಕೊಂಡು ಶೇವಂತೆವ್ವ, ನಡುವೆ ಜರಿರುಮಾಲು ಸುತ್ತಿದ ಗುಲಾಬಸಾಬರು! ಸೇನೆ ಮೂರು, ಕೋಟೆ ಒಂದು! ಮಾಸ್ತರರು ಸಲಿಕೆ ಹಿಡಿದು ಓಡಿದರು. ಮೂರೂ ಗಿಡಗಳನ್ನು ಒಂದೇ ಗುಂಡಿಗೆ ತುರುಕಿ, ಮಣ್ಣು ತುಳಿದು, ಸಲಿಕೆಯನ್ನು ಬೆನ್ನ ಹಿಂದೆ ಮರೆಮಾಡಿ, ಹಲ್ಲು ಕಿರಿದು ನಿಂತರು.

ಶೇವಂತೆವ್ವ ಕಣ್ಣು ಕಿರಿದು ಮಾಡಿದಳು. "ನಿನ್ನೆ ಸಂಜಿಕ ಇಲ್ಲೆ ನನ್ನ ದಾಸವಾಳ ಒಂದ ಇತ್ತಲ್ಲೋ?"

"ದಾಸವಾಳ ಎಲ್ಲೈತಬೇ? ಮುಂಜಾನೆ ನನ್ನ ಕಣಗಿಲಿ ಒಂದ ಇತ್ತು!" ಎಂದ ಬೀರಲಿಂಗಪ್ಪ.

"ಶುಕ್ರವಾರ ನನ್ನ ಗುಲಾಬಿ ಒಂದ ಇತ್ತು" ಎಂದು ಗುಲಾಬಸಾಬರು ಕೈ ಹಾಕಿದರು. ಮೂರೂ ಗಿಡಗಳು ಒಟ್ಟಿಗೇ ಕೈಗೆ ಬಂದವು. ಬೇರೆಂಬುದು ಒಂದು ಎಳೆಯೂ ಇರಲಿಲ್ಲ.

ಮೂವರೂ ಮಾಸ್ತರರತ್ತ ತಿರುಗಿದರು. ಬೆನ್ನ ಹಿಂದಿನ ಸಲಿಕೆ ಠಣ್ಣನೆ ಕಲ್ಲಿನ ಮೇಲೆ ಬಿತ್ತು.

"ನಮ್ಮ ಮನಸ್ಸು ಉಳಸಾಕ ಗಿಡದ ಜೀವಾ ತಗದ್ರೇನ್ರಿ ಮಾಸ್ತರ?" ಗುಲಾಬಸಾಬರಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿಂದಿಲ್ಲಿಗೆ ಸರಸೂ ಚಟಾ ಇಷ್ಟಿದ್ರ ಮೊದಲ ಹೇಳಬೇಕಿಲ್ಲೋ! ಒಂದು ಖುರ್ಚಿ ಮಾಡಿ ಕೊಡ್ತಿದ್ದೆ!"

ಮೂವರೂ ನಕ್ಕರು, ಮಾಸ್ತರರಿಗೆ ಮಾತ್ರ ನಗು ಬರಲಿಲ್ಲ. ಮದುವೆ ಹತ್ತಿರ ಬಂತು. ಅಂಗಳದಲ್ಲಿ ಹೂವಿನ ಮಾತಿರಲಿ, ಹಸಿರು ಗರಿಕೆಯೂ ಇಲ್ಲ! ಎಲ್ಲಿಂದಲೋ ಪರಿಮಳ ಮಾತ್ರ ತೇಲಿ ಬರುತ್ತಿತ್ತು. "ಗಿಡ ಸತ್ತರೂ ವಾಸನಿ ಹೋಗವಲ್ದು ನೋಡು!" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಮದುವೆಯ ಬೆಳಿಗ್ಗೆ ಬುಟ್ಟಿ ಹಿಡಿದು ಕಳ್ಳ ಹೆಜ್ಜೆಯಲ್ಲಿ ಹೊರಟರು.

"ಎಲ್ಲಿಗೆ ಹೊಂಟ್ರಿ?"

"ಹೊಸಾ ಹೆಸರು ತರಾಕ, ಪ್ಯಾಟಿಗೆ" ಎಂದರು ತಲೆ ತಗ್ಗಿಸಿ.

ಮಾರ್ಥಾಬಾಯಿ ಆ ಬುಟ್ಟಿಯನ್ನು ಕಸಿದುಕೊಂಡು, ಅವರ ಕೈಹಿಡಿದು ಹಿತ್ತಲಿಗೆ ಕರೆದೊಯ್ದರು. ಬಚ್ಚಲ ನೀರು ಹರಿಯುವಲ್ಲಿ ಮಲ್ಲಿಗೆ ಪೊದೆಪೊದೆಯಾಗಿ ಹಬ್ಬಿ, ಎಲೆಯೇ ಕಾಣದಂತೆ ಅರಳಿತ್ತು!

"ಇದು... ಇಷ್ಟು ಹೆಂಗ ಬೆಳೀತು?"

"ಇದನ್ನ ನೋಡಾಕ ಯಾರೂ ಬರಲಿಲ್ಲ, ಅದಕ್ಕ."

ದೀನಾ ಆ ಮಲ್ಲಿಗೆಯನ್ನು ಕೈತುಂಬ ಹಿಡಿದು ಚರ್ಚಿನ ಮೆಟ್ಟಿಲೇರಿದಳು. ಮಾಸ್ತರರ ಹೆಸರು ಉಳಿಯಿತು. ಗುಲಾಬಸಾಬರು ನುಡಿದಂತೆ ಒಂದು ಸಾಗವಾನಿ ಖುರ್ಚಿ ತಂದಿಟ್ಟರು. ಮಳೆ ಬಿದ್ದ ಮೇಲೆ ಮೂವರೂ ಹೊಸ ಸಸಿ ತಂದು, ತಾವೇ ಜಾಗ ಆರಿಸಿ, ತಮ್ಮ ಕೈಯಾರೆ ನೆಟ್ಟರು. ಸಲಿಕೆ ಮಾರ್ಥಾಬಾಯಿಯ ವಶವಾಯಿತು.

ಈಗ ಮಾಸ್ತರರಿಗೆ ಪಿಂಚಣಿ. ತೋಟದಲ್ಲಿ ಹನ್ನೆರಡು ತಿಂಗಳೂ ಒಂದಿಲ್ಲೊಂದು ಹೂ. ದೀನಾಳ ಮಗಳು ರಜೆಗೆ ಬಂದರೆ ಅಜ್ಜಿಯ ಮಲ್ಲಿಗೆಯನ್ನೇ ಮುಡಿಯುತ್ತಾಳೆ. ಮೊನ್ನೆ ನಾನು ಹೋದಾಗ ಗುಲಾಬಸಾಬರು ಬಂದಿದ್ದರು. ಖುರ್ಚಿ ಗುಲಾಬಿಯ ಎದುರಿಗಿತ್ತು. ಅಷ್ಟರಲ್ಲಿ ಬೀರಲಿಂಗಪ್ಪ ಬಂದ. ಮಾಸ್ತರರು ಸಾಬರನ್ನು ಎಬ್ಬಿಸಿ, ಖುರ್ಚಿಯನ್ನು ಕಣಗಿಲೆಯ ಎದುರಿಗೆ ಒಯ್ದರು. ಅವನು ಕೂಡ್ರುವಷ್ಟರಲ್ಲಿ ಶೇವಂತೆವ್ವ ಕೋಲೂರುತ್ತ ಬಂದಳು. ಮಾಸ್ತರರು ಖುರ್ಚಿಯನ್ನು ತಲೆಯ ಮೇಲೆ ಹೊತ್ತು ಅಂಗಳದ ನಡುವೆ ಎತ್ತ ತಿರುಗಬೇಕೆಂದು ತಿಳಿಯದೆ ನಿಂತುಬಿಟ್ಟರು.

ನಾನು ಎದ್ದು ಹೋಗಿ ಬಿಡಿಸಬೇಕೆಂದಿದ್ದೆ. ಮಾರ್ಥಾಬಾಯಿ ತಡೆದರು.

"ಕೂಡ್ರಿ, ಅವರು ತಿರುಗ್ಯಾಡ್ಲಿ. ಖುರ್ಚಿಗೆ ಕಾಲರೆ ಅದಾವಲ್ಲ!"