ಗೇಟಿನ ಬಳಿ ಎರಡು ನಿಮಿಷ

ಗಡಿಯಾರ ರಿಪೇರಿಯವನ ಹೆಂಡತಿ ತವರಿಗೆ ಹೋಗಲು ಕಾರಣವಾದದ್ದು ಎರಡು ನಿಮಿಷ. ಅಂದು ಇಬ್ಬರೂ ಹೊರಗೆ ತಿರುಗಾಡಲು ಹೋಗುವುದೆಂದು ಮಾತಾಗಿತ್ತು. ಆಕೆ ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಎರಡೇ ನಿಮಿಷ, ಬಂದೆ" ಎಂದು ಅವನು ಒಂದು ಹಳೆಯ ಕೈಗಡಿಯಾರದ ಮೇಲೆ ಬಗ್ಗಿದ. ಕಣ್ಣಿನ ಮಸೂರ ತೆಗೆದು ತಲೆಯೆತ್ತಿದಾಗ ಬೀದಿಯ ದೀಪ ಹತ್ತಿತ್ತು. ಬಾಗಿಲಲ್ಲಿ ಚಪ್ಪಲಿಯೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ.

ಒಂದು ತಿಂಗಳು ಕಳೆಯಿತು. ಒಳಗಿನಿಂದ ಪಾತ್ರೆಯ ಸದ್ದು ಕೇಳಿಸದ ಮನೆ ಎಷ್ಟು ದೊಡ್ಡದು ಎಂಬುದು ಅವನಿಗೆ ತಿಳಿಯಿತು. ದೇವರು ಅದನ್ನು ಯಾರಿಗೂ ಬೇಗ ತಿಳಿಸದಿರಲಿ. ಕೊನೆಗೆ ಅವನು ಹೆಂಡತಿಗೊಂದು ಕಾಗದ ಬರೆದು ಹಾಕಿದ.

ರಜೆಯ ಹಿಂದಿನ ದಿನ ಅಂಗಡಿಗೆ ಮಾವನ ಫೋನ್ ಬಂತು. ಮಾವ ಪಿಸುಮಾತಿನಲ್ಲಿ ಹೇಳಿದರು: "ಅಳಿಯಂದ್ರೇ, ಇಲ್ಲಿ ಹೊಲಿಗೆ ಶಾಲೆಯವರು ಇವಳನ್ನ ಟೀಚರಾಗಿ ಬನ್ನಿ ಅಂತಿದಾರೆ. ಒಪ್ಕೊಂಡ್ರೆ ಮೂರು ವರ್ಷ ಇಲ್ಲೇ ಇರ್ಬೇಕು. ನಾಳೆ ನಾಲ್ಕು ಗಂಟೆಗೆ ಉತ್ತರ ಹೇಳ್ಬೇಕಂತೆ. ಅಷ್ಟರೊಳಗೆ ನೀವು ಬಂದು ಎದುರು ನಿಂತ್ರೆ ಅವಳ ಮನಸ್ಸು ಕರಗುತ್ತೆ. ನಾನು ಹೇಳಿದೆ ಅನ್ಬೇಡಿ ಮತ್ತೆ."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನು ಬಸ್ ನಿಲ್ದಾಣದಲ್ಲಿದ್ದ. ರಜೆಯ ಜನ ಬಸ್ಸಿಗೆ ಜೇನುಹುಳುಗಳಂತೆ ಮುತ್ತಿದ್ದರು. ಹೇಗೋ ನುಸುಳಿ ಬಾಗಿಲ ಹತ್ತಿರ ಹೋದರೆ ಅಲ್ಲಿ ಒಂದು ಗೋಡೆ. ನೀಲಿ ಹೂವಿನ ಗೋಡೆ. ಸುರುಳಿ ಸುತ್ತಿದ ದೊಡ್ಡ ಹಾಸಿಗೆಯೊಂದು ಬಾಗಿಲಿಗೆ ಬಿರಡೆಯ ಹಾಗೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಒಬ್ಬ ದುಂಡುಮುಖದ ಮನುಷ್ಯ ಭುಜ ಕೊಟ್ಟು ತಳ್ಳುತ್ತಿದ್ದ.

"ಅಣ್ಣಾ, ಸ್ವಲ್ಪ ಕೈ ಕೊಡಿ."

"ರೀ, ಇದು ಬಸ್ಸು. ಮಲಗೋ ಕೋಣೆ ಅಲ್ಲ!" ಎಂದು ಕಂಡಕ್ಟರ್ ಒಳಗಿನಿಂದ ಕೂಗಿದ.

ಇಬ್ಬರೂ ಸೇರಿ ಹಾಸಿಗೆಯನ್ನು ಹೊರಗೆಳೆಯುವಷ್ಟರಲ್ಲಿ ಜನ ಹಿಂದಿನ ಬಾಗಿಲಿಂದ ಹತ್ತಿ ತುಂಬಿಕೊಂಡಿದ್ದರು. ಬಸ್ಸು ಹೊರಟೇಹೋಯಿತು. ಮುಂದಿನದು ಮಧ್ಯಾಹ್ನಕ್ಕೆ.

"ಬೇಜಾರು ಮಾಡ್ಕೋಬೇಡಿ ಅಣ್ಣಾ. ನಾನೂ ಅದೇ ಊರಿಗೆ. ಒಂದು ಟ್ಯಾಕ್ಸಿ ಮಾಡ್ಕೊಂಡು ಜೊತೆಗೆ ಹೋಗೋಣ," ಎಂದ ಹಾಸಿಗೆಯವನು.

ಬೇರೆ ದಾರಿಯಿರಲಿಲ್ಲ. ಹಾಸಿಗೆ ಟ್ಯಾಕ್ಸಿಯ ತಲೆಯೇರಿತು. ಹಾಸಿಗೆಯವನು ಒಳಗೆ ಕೂತು ಬಾಯಿ ತೆರೆದ. ಹತ್ತಿ, ತೆಂಗಿನ ನಾರು, ಸ್ಪಂಜು, ಬೆನ್ನುಮೂಳೆ, ಎಲ್ಲದರ ಚರಿತ್ರೆಯೂ ಬಂತು. ಗಡಿಯಾರದವನು ಕಿಟಕಿಯ ಕಡೆ ಮುಖ ತಿರುಗಿಸಿದ. ಮಾತು ಅವನ ಬೆನ್ನಿಗೆ ಮುಂದುವರಿಯಿತು.

"ನಮ್ಮ ವ್ಯಾಪಾರಕ್ಕೆ ಒಂದೇ ನಿಯಮ ಅಣ್ಣಾ. ಬಾಯಲ್ಲಿ ಹೇಳಿ ಮಾರಬಾರದು. ಗಿರಾಕಿ ಹತ್ತು ನಿಮಿಷ ಮಲಗಿ ನೋಡ್ಬೇಕು. ಮಲಗದೇ ಇದ್ದೋರಿಗೆ ನಾನು ಇವತ್ತಿನ ತನಕ ಮಾರಿಲ್ಲ."

"ಮಲಗಿದೋರು ತಗೊಂಡಿದಾರಾ?"

"ಎದ್ದ ಮೇಲೆ ಹೇಳ್ತೀವಿ ಅಂತಾರೆ. ಎಚ್ಚರ ಆಗೋ ಹೊತ್ತಿಗೆ ನನ್ನ ಬಸ್ಸಿನ ಟೈಮ್ ಆಗಿರುತ್ತೆ," ಎಂದು ಹಾಸಿಗೆಯವನು ನಿಟ್ಟುಸಿರಿಟ್ಟ.

ಚಹಾ ಕುಡಿಯಲು ನಿಲ್ಲಿಸಿದಾಗ ಈ ನಿಯಮದ ರುಚಿ ತಿಳಿಯಿತು. ಗಡಿಯಾರದವನು ಮುಖ ತೊಳೆದು ಬರುವಷ್ಟರಲ್ಲಿ ಹಾಸಿಗೆ ಮರದ ಕೆಳಗೆ ಹರಡಿಕೊಂಡಿತ್ತು. ಅದರ ಮೇಲೆ ಟ್ಯಾಕ್ಸಿ ಡ್ರೈವರ್ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.

"ಏನ್ರೀ ಮಾಡಿದ್ರಿ? ಗಾಡಿ ಓಡಿಸೋನನ್ನ ಮಲಗಿಸಿದ್ರಲ್ಲ!"

"ಅವರೇ ಕೇಳಿದ್ರು ಅಣ್ಣಾ, ಹೆಂಗಿದೆ ಅಂತ."

ಚಹಾದಂಗಡಿಯ ಯಜಮಾನಿ ತಂಬಿಗೆ ನೀರು ತಂದು ಡ್ರೈವರನ ಮುಖಕ್ಕೆ ಎರಚಿದಳು. ಅವನು "ಕಿಟಕಿ ಹಾಕೇ, ಮಳೆ ಬರ್ತಿದೆ" ಎಂದು ಮಗ್ಗುಲು ಬದಲಿಸಿದ. ಅವನನ್ನು ಎಬ್ಬಿಸಿ, ಎರಡು ಲೋಟ ಚಹಾ ಕುಡಿಸಿ, ಸ್ಟಿಯರಿಂಗಿನ ಮುಂದೆ ಕೂರಿಸುವುದಕ್ಕೆ ಎರಡೂವರೆ ಗಂಟೆ ಹಿಡಿಯಿತು.

ಒಂದು ಗಂಟೆಯ ಹೊತ್ತಿಗೆ ರೈಲ್ವೆ ಗೇಟು ಎದುರಾಯಿತು. ಗೇಟು ಹಾಕಿತ್ತು. ರೈಲು ಬಂತು, ಹೋಯಿತು. ಗೇಟು ಏಳಲಿಲ್ಲ. ಇನ್ನೊಂದು ರೈಲು ಇದೆಯೆಂದು ಗೇಟಿನವನು ಹೇಳಿದ. ದಪ್ಪ ಮೀಸೆಯ ಗಂಭೀರ ಮನುಷ್ಯ. ಅದೂ ಬಂತು, ಅದೂ ಹೋಯಿತು. ಆದರೂ ಗೇಟು ಏಳಲಿಲ್ಲ. ಎರಡೂ ಕಡೆ ಬಸ್ಸು, ಲಾರಿ, ಸೈಕಲ್ಲುಗಳು ಸಾಲುಗಟ್ಟಿದವು. ಹಾರನ್‌ಗಳು ಕೂಗಿದವು.

ಗಡಿಯಾರದವನು ಪಕ್ಕಕ್ಕೆ ತಿರುಗಿ ನೋಡಿದರೆ ಹಾಸಿಗೆಯವನ ಸೀಟು ಖಾಲಿ. ಇಳಿದು ಓಡಿದ. ಊಹೆ ನಿಜವಾಗಿತ್ತು. ಗೇಟಿನವನ ಗೂಡಿನ ಪಕ್ಕದ ನೆರಳಿನಲ್ಲಿ ನೀಲಿ ಹೂವುಗಳ ನಡುವೆ ಮೀಸೆ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು.

"ಎರಡನೇ ರೈಲು ಹೋದ ಮೇಲೇ ಮಲಗಿಸಿದ್ದು ಅಣ್ಣಾ, ದೇವರಾಣೆ," ಎಂದ ಹಾಸಿಗೆಯವನು. "ಪಾಪ, ಬೆಳಗಿನ ಜಾವದಿಂದ ಡ್ಯೂಟಿ ಅಂತೆ."

ಗಡಿಯಾರದವನು ಹಾಸಿಗೆಯ ಅಂಚಿನಲ್ಲಿ ಮಂಡಿಯೂರಿ ಗೇಟಿನವನ ಭುಜ ಹಿಡಿದು ಅಲ್ಲಾಡಿಸಿದ. ಬಂಡೆಯನ್ನು ಅಲ್ಲಾಡಿಸಿದಂತಾಯಿತು. ಕೂತು ಅಲ್ಲಾಡಿಸಿದ. ಕೂತದ್ದೇ ತಪ್ಪಾಯಿತು. ಒಂದು ತಿಂಗಳಿಂದ ಹತ್ತಿರ ಸುಳಿಯದ ಯಾವುದೋ ಒಂದು ಸುಖ ಸೊಂಟದಿಂದ ಮೇಲಕ್ಕೆ ನಿಧಾನವಾಗಿ ಹತ್ತಿ ಬಂತು.

"ನಿಮ್ಮ ಕಣ್ಣು ಕೆಂಡ ಆಗಿದೆ ಅಣ್ಣಾ. ಇವರು ಏಳೋ ತನಕ ಹಾಗೇ ಒರಗಿ. ನಾನು ಎಬ್ಬಿಸ್ತೀನಿ."

"ಎರಡೇ ನಿಮಿಷ," ಎಂದ ಗಡಿಯಾರದವನು.

ಗೂಡಿನೊಳಗೆ ಫೋನ್ ರಿಂಗಣಿಸಿದಾಗ ಎದ್ದವನು ಗೇಟಿನವನು ಮಾತ್ರ. ಅವನು ಟೋಪಿ ಸರಿಮಾಡಿಕೊಂಡು ಓಡಿಹೋಗಿ ಗೇಟು ಎತ್ತಿದ. ಆ ಕಡೆಯ ವಾಹನಗಳು ಈ ಕಡೆಗೆ, ಈ ಕಡೆಯವು ಆ ಕಡೆಗೆ ಹರಿದವು. ಕೊನೆಗೆ ಹಾಸಿಗೆಯವನು ಹಾಸಿಗೆಯ ಒಂದು ತುದಿ ಎತ್ತಿ ಗಡಿಯಾರದವನನ್ನು ಹುಲ್ಲಿನ ಮೇಲೆ ಉರುಳಿಸಿ ಎಬ್ಬಿಸಿದ.

ಮುಂದಿನ ದಾರಿಯುದ್ದಕ್ಕೂ ಗಡಿಯಾರದವನು ದೇವರನ್ನು ನೆನೆದ. ಟ್ಯಾಕ್ಸಿಯೂ ದೇವರ ಮಾತು ಕೇಳಿದಂತೆ ಓಡಿತು. ಮಾವನ ಮನೆಯ ಮುಂದೆ ಇಳಿದಾಗ ಗಂಟೆ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಹಾಸಿಗೆಯವನ ಕೈಯನ್ನೂ ಕುಲುಕಿದ.

ಬಾಗಿಲು ತೆರೆದ ಮಾವ ಅವನನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟರು.

"ಅಯ್ಯೋ, ನೀವು ಇಲ್ಲಿಗೆ ಬಂದ್ರಾ? ಅವಳು ಅಲ್ಲಿಗೆ ಹೋದ್ಲಲ್ಲ!"

"ಎಲ್ಲಿಗೆ?"

"ನಿಮ್ಮನೆಗೆ! ನಿನ್ನೆ ಸಂಜೆ ನಿಮ್ಮ ಕಾಗದ ಬಂತು. ಅದನ್ನ ಓದಿ ಅತ್ತಿದ್ದೇ ಅತ್ತಿದ್ದು. ಬೆಳಿಗ್ಗೆ ಎದ್ದೋಳೇ 'ಅಪ್ಪಾ, ನಾಲ್ಕಕ್ಕೆ ಹೊಲಿಗೆ ಶಾಲೆಯವರು ಕೇಳಿದ್ರೆ ಆಗಲ್ಲ ಅಂತ ಹೇಳಿಬಿಡಿ' ಅಂದು ಹತ್ತು ಗಂಟೆ ಬಸ್ಸು ಹತ್ತಿದ್ಲು. ನಿಮಗೆ ಹೇಳದೆ ಹೋಗಿ ಬಾಗಿಲಲ್ಲಿ ನಿಲ್ಬೇಕು ಅಂತ ಅವಳ ಆಸೆ."

ಗಡಿಯಾರದವನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆಕೆ ಮನೆಯಲ್ಲಿದ್ದಾಳೆ! ಇನ್ನೇನು ಬೇಕು? ಇದೇ ಟ್ಯಾಕ್ಸಿಯಲ್ಲಿ ತಿರುಗಿ ಹೋದರಾಯಿತು.

ಅಷ್ಟರಲ್ಲಿ ಒಳಗೆ ಫೋನ್ ರಿಂಗಣಿಸಿತು. ಮಾವ ಎತ್ತಿದರು. "ತಲುಪಿದ್ಯೇನಮ್ಮಾ? ಇಲ್ಲೇ ಇದಾರೆ, ಈಗ ತಾನೆ ಬಂದ್ರು. ಕೊಡ್ತೀನಿ" ಎಂದು ಅಳಿಯನ ಕೈಗೆ ಕೊಟ್ಟರು.

"ನಿನ್ನ ಕರ್ಕೊಂಡು ಹೋಗೋಕೆ ಬಂದೆ ಕಣೇ! ನೀನು ನೋಡಿದ್ರೆ..."

"ನೋಡಿದೆ," ಎಂದಿತು ಆ ಕಡೆಯ ಧ್ವನಿ. "ಗೇಟಿನ ಹತ್ರ. ನಮ್ಮ ಬಸ್ಸು ಆಚೆ ಕಡೆ ಮುಂದೇನೇ ನಿಂತಿತ್ತು."

ಗಡಿಯಾರದವನು ಪಕ್ಕದ ಸ್ಟೂಲಿನ ಮೇಲೆ ಕೂತ.

"ಅರ್ಧ ಗಂಟೆ ನೋಡಿದೆ. ಬಸ್ಸಿನೋರೆಲ್ಲ ನೋಡಿದ್ರು. ಯಾರೋ ಮೀಸೆಯೋರ ಮೇಲೆ ಕೈ ಹಾಕ್ಕೊಂಡು ಮಲಗಿದ್ರಿ. ನನ್ನ ಪಕ್ಕದಲ್ಲಿದ್ದ ಅಜ್ಜಿ 'ಎಂಥ ನಿದ್ದೆ ನೋಡು ತಾಯಿ, ಪುಣ್ಯಾತ್ಮ, ಒಂದು ಚಿಂತೆ ಇಲ್ಲ' ಅಂದ್ರು. ಹೌದಜ್ಜಿ ಅಂದೆ."

"ಎಬ್ಬಿಸಬಾರದಾಗಿತ್ತಾ?"

"ಬಸ್ಸಿಂದ ಇಳಿಯೋಕೆ ಒಂದು ಕಾಲು ಕೆಳಗಿಟ್ಟಿದ್ದೆ ರೀ. ಆಗ ಕಾಗದ ನೆನಪಾಯ್ತು. 'ನೀನು ಹೋದಾಗಿನಿಂದ ಒಂದು ದಿನವೂ ಕಣ್ಣಿಗೆ ನಿದ್ದೆ ಹತ್ತಿಲ್ಲ' ಅಂತ ಬರೆದಿದ್ರಿ. ನಾನು ದಡ್ಡಿ, ನಂಬಿದ್ದೆ. ಹೋಗಿ ಸೀಟಲ್ಲಿ ಕೂತ್ಕೊಂಡೆ."

"ಅದು ನಿಜ ಕಣೇ! ನಿದ್ದೆ ಹತ್ತಿರಲಿಲ್ಲ, ಅದಕ್ಕೇ ನಿದ್ದೆ ಹತ್ತಿದ್ದು!"

ಹೇಳಿದ ಮೇಲೆ ಅದು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಸತ್ಯಕ್ಕೆ ಒಮ್ಮೊಮ್ಮೆ ಈ ಗತಿ ಬರುತ್ತದೆ.

"ನಾನು ಹೊಲಿಗೆ ಮಿಶಿನ್ ತಗೊಂಡು ನಾಳೆ ಮೊದಲ ಬಸ್ಸಿಗೆ ಬರ್ತೀನಿ. ಅಷ್ಟರೊಳಗೆ ನೀವು ಹೊರಟಿರಿ. ಶಾಲೆಯೋರಿಗೆ ನಾನು ಒಪ್ಕೊಂಡೆ ಅಂತ ಹೇಳೋಕೆ ಅಪ್ಪನಿಗೆ ಹೇಳಿ. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇದೆ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹಾಸಿಗೆಯವನಿಗೆ ತಡೆಯಲಾಗಲಿಲ್ಲ. "ಕೊಡಿ ಅಣ್ಣಾ, ನಾನು ಸಾಕ್ಷಿ ಹೇಳ್ತೀನಿ" ಎಂದು ಫೋನ್ ಕಿತ್ತುಕೊಂಡ. ಗಡಿಯಾರದವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿ ಪ್ರಾರ್ಥಿಸಿದ. ಒಳಗಿನಿಂದ ಹತ್ತಿ, ನಾರು, ಬೆನ್ನುಮೂಳೆ ಎಂಬ ಮಾತುಗಳು ತೇಲಿ ಬರುತ್ತಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಹಾಸಿಗೆಯವನು ಮುಖವರಳಿಸಿಕೊಂಡು ಬಂದ.

"ಪೂರ್ತಿ ನಂಬಿದ್ರು ಅಣ್ಣಾ!"

"ನಿಜವಾಗ್ಲೂ? ಏನಂದ್ಲು?"

"ಆ ಹಾಸಿಗೆಯಲ್ಲಿ ಅಂಥ ನಿದ್ದೆ ಬರೋದು ಕಣ್ಣಾರೆ ನೋಡಿದೀನಿ ಅಂದ್ರು. ಮಲಗಿ ನೋಡದೇನೇ ಆರ್ಡರ್ ಕೊಟ್ರು. ನನ್ನ ಜನ್ಮದಲ್ಲೇ ಇದು ಮೊದಲು."

"ಯಾವ ಹಾಸಿಗೆ?"

"ಒಬ್ಬರು ಮಲಗೋದು," ಎಂದು ಹಾಸಿಗೆಯವನು ಚೀಟಿ ನೋಡಿದ. "ಈ ಮನೆ ವಿಳಾಸಕ್ಕೆ."