ನೂರಾ ಇಪ್ಪತ್ತೇಳು ಆಯುಧಗಳು

ನಮೂನೆಯಲ್ಲಿ ಎರಡು ಕಾಲಂಗಳ ಬದಲು ಒಂದೇ ಇದ್ದಿದ್ದರೆ, ಗುಮಾಸ್ತರು ಆ ದಿನ ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಸಿ, ಮನೆಗೆ ಹೋಗಿ ಊಟ ಮಾಡಿ, ಒಂದು ನಿದ್ದೆಯನ್ನೂ ತೆಗೆದು ಸಂಜೆಯ ಬಸ್ಸು ಹತ್ತಬಹುದಿತ್ತು.

ಅವರು ಸಮರಕಲೆ ಕಲಿಸುವ ಕೇಂದ್ರವೊಂದರ ಏಕೈಕ ಖಾಯಂ ನೌಕರರು. ಸಮರಕ್ಕೂ ಅವರಿಗೂ ಇದ್ದ ಸಂಬಂಧ, ಮೀನಿನಂಗಡಿಯ ಲೆಕ್ಕ ಬರೆಯುವವನಿಗೂ ಈಜಿಗೂ ಇರುವ ಸಂಬಂಧದಂಥದು. ಎರಡು ವರ್ಷದ ಹಿಂದೆ ಡಾಕ್ಟರು ಹೊಟ್ಟೆ ಕರಗಿಸಿ ಎಂದಿದ್ದರಿಂದ ಎರಡು ತಿಂಗಳು ಬೆಳಗಿನ ತರಗತಿಗೆ ಹೋಗಿದ್ದರು. ಹೊಟ್ಟೆ ಹಾಗೇ ಉಳಿಯಿತು, ಸರ್ಟಿಫಿಕೇಟು ಬಂತು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ್ದರು.

ಕಾಲೇಜಿನಲ್ಲಿ ಅವರು ಓದಿದ್ದು ಸಸ್ಯಶಾಸ್ತ್ರ. ಗಿಡಗಳ ಹೆಸರು ಮರೆತುಹೋದರೂ ವಿಂಗಡಿಸುವ ಚಟ ಮಾತ್ರ ಉಳಿದುಕೊಂಡಿತ್ತು. ಪ್ರಪಂಚದ ಪ್ರತಿಯೊಂದು ವಸ್ತುವಿಗೂ ಪಟ್ಟಿಯಲ್ಲಿ ಒಂದೇ ಒಂದು ಜಾಗವಿರುತ್ತದೆ, ಎರಡು ಜಾಗ ಸಿಕ್ಕರೆ ತಪ್ಪು ವಸ್ತುವಿನದ್ದಲ್ಲ, ವ್ಯಾಖ್ಯೆಯದ್ದು ಎಂದು ಅವರು ನಂಬಿದ್ದರು. ಈ ನಂಬಿಕೆಯ ದೆಸೆಯಿಂದ ಅವರ ಹೆಂಡತಿ ಮದುವೆಯಾಗಿ ಹದಿನೆಂಟು ವರ್ಷವಾದರೂ ಸಮುದ್ರ ನೋಡಿರಲಿಲ್ಲ. ಹೊರಡಬೇಕೆಂದಾಗಲೆಲ್ಲ ಯಾವುದೋ ಪಟ್ಟಿಯ ಯಾವುದೋ ಸಾಲು ಬಾಕಿ ಇರುತ್ತಿತ್ತು. ಈ ಸಲ ಅವರು ಖಂಡಿತ ಹೊರಡುವವರಿದ್ದರು. ಸಂಜೆ ಆರೂವರೆಯ ಬಸ್ಸು, ಸೀಟು ನಂಬರ್ ಏಳು ಮತ್ತು ಎಂಟು. ಟಿಕೆಟ್ಟು ಅಂಗಿಯ ಜೇಬಿನಲ್ಲೇ ಇತ್ತು. "ಈ ಸಲ ಬಸ್ಸು ತಪ್ಪಿದ್ರೆ ನಾನೊಬ್ಬಳೇ ಹೋಗ್ತೀನಿ, ನೋಡ್ತಾ ಇರಿ" ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಒಂಬತ್ತೂವರೆಗೆ ಪೊಲೀಸ್ ಠಾಣೆಯಿಂದ ಪತ್ರ ಬಂತು. ಮಾರನೆಯ ದಿನ ಯಾರೋ ದೊಡ್ಡವರು ಊರಿಗೆ ಬರುವವರಿದ್ದರು. ಅದಕ್ಕಾಗಿ ತರಬೇತಿ ಕೇಂದ್ರಗಳ ಆಯುಧಗಳನ್ನೆಲ್ಲ ಪಟ್ಟಿ ಮಾಡಿ, ಪಟ್ಟಿಯಲ್ಲಿರುವುದೆಲ್ಲವನ್ನೂ ನಾಲ್ಕು ಗಂಟೆಯೊಳಗೆ ಠಾಣೆಗೆ ಒಪ್ಪಿಸತಕ್ಕದ್ದು, ನಾಡಿದ್ದು ಹತ್ತು ಗಂಟೆಗೆ ಹಿಂದಿರುಗಿಸಲಾಗುವುದು. ಜೊತೆಗೆ ಒಂದು ನಮೂನೆ. ಅದರಲ್ಲಿ ಎರಡು ಕಾಲಂ: ಸಾಂಪ್ರದಾಯಿಕ, ಆಧುನಿಕ.

ಗುಮಾಸ್ತರು ಪೆನ್ನಿನ ಕ್ಯಾಪು ತೆಗೆದರು. ಅಭ್ಯಾಸದಂತೆ ಮೊದಲ ಸಾಲನ್ನು, ಏನಾದರೂ ಬಿಟ್ಟುಹೋದರೆ ಇರಲಿ ಎಂದು, ಖಾಲಿ ಬಿಟ್ಟರು. ಒಂದೊಂದು ವಸ್ತುವಿಗೂ ಒಂದೊಂದು ಸಾಲು. ಎರಡನೆಯ ಸಾಲಿಗೆ ಹನ್ನೊಂದು ವರ್ಷದಿಂದ ಒರೆಯಿಂದ ಈಚೆಗೆ ಬಾರದ ಹಳೆಯ ಕತ್ತಿ. ಆಮೇಲೆ ಇಪ್ಪತ್ನಾಲ್ಕು ಕೋಲು, ಹನ್ನೆರಡು ಮರದ ಕತ್ತಿ, ಎಂಟು ಗುರಾಣಿ. ಇವೆಲ್ಲ ದೊಡ್ಡ ಗುರುಗಳ ಪಾಲಿನವು. ಸಾಂಪ್ರದಾಯಿಕ ಕಾಲಮ್ಮಿಗೆ ನಲವತ್ತೈದು. ನಂತರ ಹತ್ತು ರಬ್ಬರ್ ಚಾಕು, ನಾಲ್ಕು ಟಾರ್ಚು, ಆರು ಮಡಿಸುವ ಲಾಠಿ. ಅವು ಆತ್ಮರಕ್ಷಣೆ ಕಲಿಸುವ ಹೊಸ ಮೇಡಂ ಪಾಲಿನವು, ಆಧುನಿಕಕ್ಕೆ ಇಪ್ಪತ್ತು. ಒಟ್ಟು ಅರವತ್ತೈದು. ಕೆಲಸ ಮುಗಿದೇ ಹೋಯಿತು ಎನ್ನುವಷ್ಟರಲ್ಲಿ ಹೊಸ ಮೇಡಂ ಅವರ ಹೆಗಲ ಮೇಲಿಂದ ಇಣುಕಿದರು.

"ನಲವತ್ತೈದಕ್ಕೆ ಇಪ್ಪತ್ತಾ? ಸರ್, ಈ ಪಟ್ಟಿ ಕಮಿಟಿಯವರ ಕೈಗೂ ಹೋಗತ್ತೆ. ಮುಂದಿನ ವರ್ಷ ಹಾಲ್ ಯಾರಿಗೆಷ್ಟು ಹೊತ್ತು ಅಂತ ಇದನ್ನ ನೋಡೇ ಹಂಚ್ತಾರೆ. ಛತ್ರಿ ಎಲ್ಲಿ?"

"ಛತ್ರಿ ಮಳೆಗಲ್ವಾ ಮೇಡಂ?"

"ಮಳೆ ಬಂದಾಗ ಮಳೆಗೆ, ಕಳ್ಳ ಬಂದಾಗ ಕಳ್ಳನಿಗೆ. ಬೀದೀಲಿ ಯಾರಾದ್ರೂ ಅಡ್ಡ ಹಾಕಿದ್ರೆ ಆರಡಿ ಕೋಲು ಎಲ್ಲಿಂದ ತರ್ತೀರಿ? ಕೈಗೆ ಏನು ಸಿಗತ್ತೋ ಅದೇ ಆಯುಧ. ನನ್ನ ಮೂರನೇ ಪಾಠವೇ ಅದು. ಕುರ್ಚಿ ಬರ್ಕೊಳ್ಳಿ, ಬೀಗದ ಕೈ ಬರ್ಕೊಳ್ಳಿ."

ಅಂಗಳದಲ್ಲಿ ಕೋಲಿಗೆ ಎಣ್ಣೆ ತಿಕ್ಕುತ್ತಿದ್ದ ದೊಡ್ಡ ಗುರುಗಳಿಗೆ ವಯಸ್ಸು ಅರವತ್ತೆಂಟಾದರೂ ಕಿವಿಗೆ ಮೂವತ್ತೇ. ಎಣ್ಣೆ ಕೈಯಲ್ಲೇ ಒಳಗೆ ಬಂದರು.

"ಏನಮ್ಮಾ ತಾಯಿ, ಕುರ್ಚಿ ಆಯುಧವಾ? ಹಾಗಿದ್ರೆ ಬೆಂಚು ಯಾಕಾಗಲ್ಲ? ನನ್ನ ಗುರುಗಳು ಬೆಂಚು ಹಿಡ್ಕೊಂಡು ಒಂಬತ್ತು ಜನರನ್ನ ತಡೆದಿದ್ರು. ಗುಮಾಸ್ತ್ರೇ, ನಾಲ್ಕೂ ಬೆಂಚು ನನ್ನ ಕಾಲಮ್ಮಿಗೆ ಹಾಕಿ. ಹಗ್ಗ, ಒದ್ದೆ ಟವಲ್ಲು, ಬಕೆಟ್ಟು, ಎಲ್ಲ ನಂದೇ."

"ಬಕೆಟ್ ಪ್ಲಾಸ್ಟಿಕ್ಕು, ಗುರುಗಳೇ. ಅದು ಆಧುನಿಕ" ಎಂದರು ಮೇಡಂ.

"ಪ್ಲಾಸ್ಟಿಕ್ ಆಧುನಿಕ ಇರಬಹುದು. ಎರಚೋ ವಿದ್ಯೆ ನಮ್ಮ ಕಾಲದ್ದು!"

ಗುಮಾಸ್ತರಿಗೆ ಕಾಲೇಜಿನ ದಿನಗಳು ನೆನಪಾಗಿ ಮೈಯಲ್ಲಿ ಉತ್ಸಾಹ ಹರಿಯಿತು. "ಇಬ್ಬರೂ ಕೂತ್ಕೊಳ್ಳಿ. ಮೊದಲು ವ್ಯಾಖ್ಯೆ ಮಾಡೋಣ" ಎಂದು ಪಟ್ಟಿಯ ತಲೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದರು: "ಆಯುಧವೆಂದರೆ, ಎದುರಾಳಿಯನ್ನು ತಡೆಯುವುದಕ್ಕೆ ಒದಗುವುದೆಂದು ಇಲ್ಲಿ ಕಲಿಸಲಾಗುವ, ಈ ಕೇಂದ್ರಕ್ಕೆ ಸೇರಿದ, ಯಾವುದೇ ಒಂದು."

ವ್ಯಾಖ್ಯೆ ಸಿಕ್ಕಿದ ಮೇಲೆ ತಡೆಯುವವರು ಯಾರು? ಮೂವತ್ತು ಪ್ಲಾಸ್ಟಿಕ್ ಕುರ್ಚಿಗಳು ಮೇಡಂ ಕಡೆ ಬಿದ್ದವು. ಗುರುಗಳು ಪರದೆಯ ಕೊಳವೆ, ನೀರಿನ ಹೂಜಿ, ಮರದ ಏಣಿ ಬರೆಸಿದರು. ಮೇಡಂ ಕೇಂದ್ರದ ಮೊಬೈಲನ್ನು, ಅದರಲ್ಲಿ ಟಾರ್ಚು ಇದೆಯೆಂದು, ಬರೆಸಿದರು. ಗುರುಗಳು ಗೋಡೆಯ ಮೇಲಿದ್ದ ಗಾಜಿನ ಕಟ್ಟನ್ನು ಗುರಾಣಿಯೆಂದು ಬರೆಸಿದರು. ಸರ್ಟಿಫಿಕೇಟು ಕೆಳಗಿಳಿಯುವಾಗ ಗುಮಾಸ್ತರ ಮುಖ ಸ್ವಲ್ಪ ಬಾಡಿತು. ಆದರೆ ವ್ಯಾಖ್ಯೆ ಎಂದರೆ ವ್ಯಾಖ್ಯೆ.

ಪೊರಕೆಯ ವಿಷಯದಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಕೈಹಾಕಿದರು. ಪೊರಕೆಯ ಹಿಂದೆ ಆಯಾ ಇದ್ದಳು.

"ಇದು ನನ್ನ ದುಡ್ಡಲ್ಲಿ ತಂದಿದ್ದು. ಮುಟ್ಟಿದ್ರೆ ನೋಡಿ."

"ಅಲ್ಲಮ್ಮಾ, ಇದು ಆಯುಧ ಹೌದೋ ಅಲ್ವೋ, ಅಷ್ಟು ಹೇಳು" ಎಂದರು ಗುರುಗಳು.

"ನನ್ನ ಗಂಡನ್ನ ಕೇಳಿ, ಹೇಳ್ತಾನೆ."

"ಕೇಂದ್ರಕ್ಕೆ ಸೇರಿದ್ದಲ್ಲ. ಆಯಾ ಕೂಡ ದಿನಗೂಲಿ. ಇಬ್ಬರೂ ವ್ಯಾಖ್ಯೆಯಿಂದ ಹೊರಗೆ" ಎಂದು ಗುಮಾಸ್ತರು ತೀರ್ಪು ಕೊಟ್ಟರು. ಆಯಾ ಪೊರಕೆಯನ್ನು ಮಗುವಿನಂತೆ ಎತ್ತಿಕೊಂಡು ಹೋದಳು.

ಮೂರು ಗಂಟೆಗೆ ಹಾಲಿನಲ್ಲಿ ಬರೆಯದೆ ಉಳಿದದ್ದು ಗೋಡೆಗಳು ಮಾತ್ರ. ಆಗ ಮೇಡಂ, ದಣಿದು, ನಿಟ್ಟುಸಿರುಬಿಟ್ಟು, "ಏನು ಬರೆದ್ರೂ ಅಷ್ಟೇ ಸರ್. ಕೊನೆಗೆ ಎಲ್ಲಕ್ಕಿಂತ ದೊಡ್ಡ ಆಯುಧ ನಮ್ಮ ದೇಹವೇ" ಎಂದರು.

ದೊಡ್ಡ ಗುರುಗಳು ಬೆರಗಾಗಿ ಅವರತ್ತ ತಿರುಗಿದರು. "ನಲವತ್ತು ವರ್ಷದಿಂದ ನಾನು ಬಡ್ಕೊಳ್ತಾ ಇರೋದು ಇದನ್ನೇ ಕಣಮ್ಮಾ! ಕೋಲು ಅಂದ್ರೆ ಉದ್ದವಾದ ಕೈ, ಅಷ್ಟೇ. ಮೊದಲು ಮೈ ಪಳಗಬೇಕು. ಗುಮಾಸ್ತ್ರೇ, ಅದನ್ನ ಬರೀರಿ. ಎಲ್ಲಕ್ಕಿಂತ ಮೇಲೆ ಬರೀರಿ."

ಮೇಡಂ ಬಂದ ನಾಲ್ಕು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಗುಮಾಸ್ತರ ಕಣ್ಣು ತೇವವಾಯಿತು. ಖಾಲಿ ಬಿಟ್ಟಿದ್ದ ಮೊದಲ ಸಾಲು ಇಂಥ ಗಳಿಗೆಗೆಂದೇ ಕಾದಿತ್ತೆನ್ನಿಸಿ, ಅದನ್ನು ತುಂಬಿ, ಜೀವಮಾನದಲ್ಲಿ ಮೊದಲ ಬಾರಿಗೆ ಎರಡೂ ಕಾಲಮ್ಮಿಗೆ ಗುರುತು ಹಾಕಿದರು. ಕೊನೆಯ ಸಾಲಿಗೆ, ಅಷ್ಟೂ ಬರೆದ ಪೆನ್ನನ್ನೇ ಬರೆದು ಸಹಿ ಮಾಡಿದರು. ನೂರಾ ಇಪ್ಪತ್ತೇಳು.

"ಈಗ ಇಷ್ಟನ್ನೂ ಠಾಣೆಗೆ ಸಾಗಿಸಬೇಕು" ಎಂದು ಅವರು ತಲೆಯೆತ್ತಿದಾಗ ಎದುರಿಗೆ ಆಯಾ ಒಬ್ಬಳೇ ಇದ್ದಳು. ಮೇಡಂಗೆ ಇನ್ನೊಂದು ತರಗತಿ ನೆನಪಾಗಿತ್ತು, ಗುರುಗಳಿಗೆ ಮಂಡಿನೋವು. ಇಬ್ಬರೂ ಗೌರವಧನಕ್ಕೆ ಬರುವವರು, ಗೌರವವಾಗಿ ಹೋಗಿದ್ದರು.

ಲಗೇಜ್ ಆಟೋ ಎರಡು ಸಲ ಓಡಾಡಿತು. ಎರಡನೆಯ ಸಲ ಕುರ್ಚಿಗಳ ಗೋಪುರವನ್ನು ಗುಮಾಸ್ತರು ಒಂದು ಕಡೆಯಿಂದಲೂ, ಪೊರಕೆ ಹಿಡಿದ ಆಯಾ ಇನ್ನೊಂದು ಕಡೆಯಿಂದಲೂ ತಬ್ಬಿಕೊಂಡು ಸಾಗಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಠಾಣೆ ತಲುಪಿದ್ದಾಯಿತು. ಎದುರಿಗೇ ಬಸ್ ನಿಲ್ದಾಣ. ಗುಮಾಸ್ತರು ಗಡಿಯಾರ ನೋಡಿದರು. ಸಾಕಷ್ಟು ಹೊತ್ತಿತ್ತು.

ಠಾಣೆಯ ಉಗ್ರಾಣದ ಕಿಟಕಿಯಲ್ಲಿದ್ದ ದಫೇದಾರರು ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪಟ್ಟಿಯನ್ನು ಓದಿದರು. ಅವರೂ ಗುಮಾಸ್ತರ ಜಾತಿಯ ಮನುಷ್ಯರೇ: ಮೇಜಿನ ಮೇಲಿನ ಗುಂಡುಸೂಜಿಗಳು ಕೂಡ ಕವಾಯತಿಗೆ ನಿಂತಂತೆ ಸಾಲಾಗಿದ್ದವು.

"ಸಾರ್, ಪಟ್ಟಿ ಅಂದ್ರೆ ಇದು. ಹತ್ತೊಂಬತ್ತು ವರ್ಷ ಸರ್ವೀಸಲ್ಲಿ ಇಂಥಾದ್ದು ನೋಡಿಲ್ಲ. ವ್ಯಾಖ್ಯೆ ಬೇರೆ!"

ಗುಮಾಸ್ತರ ಎದೆ ಹೊಟ್ಟೆಗಿಂತ ಮುಂದಕ್ಕೆ ಬಂತು.

ಕೊನೆಯಲ್ಲಿ ಹೇರಿದ್ದು ಮೊದಲು ಇಳಿಯುತ್ತಿದ್ದುದರಿಂದ ದಫೇದಾರರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿದರು. "ನೂರಾ ಇಪ್ಪತ್ತೇಳು, ಪೆನ್ನು. ಕೊಡಿ. ಸ್ಥಿತಿ ಉತ್ತಮ. ನೂರಾ ಇಪ್ಪತ್ತಾರು, ಏಣಿ. ಮೂರನೇ ಮೆಟ್ಟಿಲು ಅಲ್ಲಾಡತ್ತೆ, ಬರೀತೀನಿ." ಪ್ರತಿಯೊಂದಕ್ಕೂ ಚೀಟಿ, ಪ್ರತಿಯೊಂದಕ್ಕೂ ಸ್ಥಿತಿ. ನಡುವೆ ಗೋಣಿಚೀಲದೊಳಗಿಂದ ನೂರಾ ಒಂಬತ್ತನೇ ಆಯುಧ ರಿಂಗಾಯಿತು.

"ನನ್ನ ಹೆಂಡತಿ ಇರಬೇಕು" ಎಂದರು ಗುಮಾಸ್ತರು.

"ಒಪ್ಪಿಸಿಕೊಂಡಾಯ್ತು ಸಾರ್. ಇನ್ನು ಮುಟ್ಟೋ ಹಾಗಿಲ್ಲ."

ಗುಮಾಸ್ತರು ಮೆಚ್ಚಿ ತಲೆಯಾಡಿಸಿದರು. ಅವರಾಗಿದ್ದರೂ ಅದನ್ನೇ ಹೇಳುತ್ತಿದ್ದರು.

ಆರಕ್ಕೆ ಹತ್ತು ನಿಮಿಷವಿದ್ದಾಗ ಎರಡನೆಯ ಸಾಲು ಬಂತು. ದಫೇದಾರರು ಕತ್ತಿಯನ್ನು ಎಳೆದರು, ಜಗ್ಗಿದರು, ಮೊಣಕಾಲ ನಡುವೆ ಇಟ್ಟುಕೊಂಡು ತಿರುಚಿದರು. ಆಮೇಲೆ ಬರೆದರು: "ತುಕ್ಕು ಹಿಡಿದಿದೆ. ಒರೆಯಿಂದ ಹೊರಬರುವುದಿಲ್ಲ."

"ಹಾಗಾದ್ರೆ ನಾನಿನ್ನು ಬರ್ಲಾ?" ಗುಮಾಸ್ತರು ಎದ್ದರು.

"ಒಂದನೇದು ಎಲ್ಲಿ ಸಾರ್?"

"ಯಾವುದು?"

"ಕ್ರಮ ಸಂಖ್ಯೆ ಒಂದು. 'ಪಳಗಿದ ದೇಹ.' ಸಾಂಪ್ರದಾಯಿಕಕ್ಕೂ ಗುರುತಿದೆ, ಆಧುನಿಕಕ್ಕೂ ಇದೆ. ಎಷ್ಟು ಅನ್ನೋ ಕಡೆ ಒಂದು ಅಂತ ಬರೆದಿದೀರಿ."

ಗುಮಾಸ್ತರು ನಕ್ಕರು. "ಅದು ತತ್ವ ಸ್ವಾಮೀ."

"ತತ್ವಕ್ಕೆ ಚೀಟಿ ಎಲ್ಲಿ ಅಂಟಿಸ್ಲಿ? ವಸ್ತು ಕೊಡಿ, ಬೀಗ ಹಾಕ್ತೀನಿ."

"ಆ ಸಾಲು ಹೊಡೆದುಹಾಕೋಣ, ಬಿಡಿ."

ದಫೇದಾರರು ನಮೂನೆಯ ಬುಡಕ್ಕೆ ಬೆರಳಿಟ್ಟರು. ತಿದ್ದಿದ ಪಟ್ಟಿ ರದ್ದಾಗುವುದು; ಪಟ್ಟಿ ರದ್ದಾದರೆ ಕೇಂದ್ರದ ಪರವಾನಗಿಯೂ ರದ್ದಾಗುವುದು. ಆ ಸಾಲನ್ನು ಗುಮಾಸ್ತರು ಬೆಳಿಗ್ಗೆ ಮೂರು ಸಲ ಓದಿ, ಒಳ್ಳೆಯ ನಿಯಮ ಎಂದುಕೊಂಡಿದ್ದರು.

"ಕೇಂದ್ರಕ್ಕೆ ಸೇರಿದ್ದು ಅಂತ ನಿಮ್ಮ ವ್ಯಾಖ್ಯೇಲೇ ಇದೆ. ಯಾರ ದೇಹ ಸಾರ್ ಅದು?"

ಗುಮಾಸ್ತರೊಳಗಿನ ಸಸ್ಯಶಾಸ್ತ್ರಿ ಸುಮ್ಮನಿರಲಾರದೆ ಎದ್ದು ಕುಳಿತ. ಒಂದೊಂದೇ ದಳ ಬಿಡಿಸಿ ಹೂವಿನ ಕುಲ ಹೇಳುವವರಂತೆ ಅವರು ಶುರುಮಾಡಿದರು. "ಶಿಷ್ಯರಲ್ಲ, ಅವರು ಅವರವರ ಮನೆಗೆ ಸೇರಿದವರು. ಗುರುಗಳೂ ಅಲ್ಲ, ಮೇಡಮ್ಮೂ ಅಲ್ಲ, ಅವರು ಗೌರವಧನದವರು. ಆಯಾ ದಿನಗೂಲಿ. ಖಾಯಂ ಅಂತ ಇರೋದು…"

ಅಲ್ಲಿಗೆ ದಳಗಳು ಮುಗಿದವು. ಆಯಾ "ಅಯ್ಯೋ" ಎಂದು ಪೊರಕೆಯಿಂದ ಬಾಯಿ ಮುಚ್ಚಿಕೊಂಡಳು.

"ಆದ್ರೆ ನನ್ನ ದೇಹ ಪಳಗಿಲ್ಲ! ನೋಡಿ, ಈ ಹೊಟ್ಟೆ ನೋಡಿ!"

ದಫೇದಾರರು ಉಗ್ರಾಣದೊಳಕ್ಕೆ ಹೋಗಿ ತೊಂಬತ್ತೆಂಟನೇ ಆಯುಧವನ್ನು ತಂದು ದೀಪದ ಕೆಳಗೆ ಹಿಡಿದರು. ಗಾಜಿನ ಹಿಂದೆ ಗುಮಾಸ್ತರ ಹೆಸರು ಬಂಗಾರದ ಅಕ್ಷರಗಳಲ್ಲಿ ಹೊಳೆಯಿತು: ಎರಡು ತಿಂಗಳ ತರಬೇತಿ, ತೃಪ್ತಿಕರ.

"ಬನ್ನಿ ಸಾರ್, ಒಳಗೆ. ನಿಮ್ಮ ಕುರ್ಚಿ ನಿಮಗಾಗಿಯೇ ಇದೆ" ಎಂದು ದಫೇದಾರರು ಬಹಳ ಮರ್ಯಾದೆಯಿಂದ ಬಾಗಿಲು ತೆರೆದರು. ಗುಮಾಸ್ತರ ಅಂಗಿಯ ಗುಂಡಿಗೆ ಚೀಟಿ ಕಟ್ಟಿದರು. ಸ್ಥಿತಿಯ ಕಾಲಮ್ಮಿಗೆ ಬಂದಾಗ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಆಗಷ್ಟೇ ಕತ್ತಿಗೆ ಬರೆದದ್ದನ್ನು ಇನ್ನೊಮ್ಮೆ ಬರೆಯುವುದೇಕೆಂದು, "ಸದರಿ" ಎಂದು ಬರೆದರು.

ಆರೂಕಾಲಿಗೆ, ಠಾಣೆಯ ಮುಂದೆ ಪೊರಕೆ ಹಿಡಿದು ನಿಂತ ಆಯಾಳನ್ನು ನಿಲ್ದಾಣದಿಂದಲೇ ಕಂಡು, ಸೂಟ್‌ಕೇಸ್ ಹಿಡಿದು ರಸ್ತೆ ದಾಟಿ ಬಂದ ಹೆಂಡತಿ, ಉಗ್ರಾಣದ ಸರಳಿನ ಹಿಂದೆ ಗಂಡನನ್ನು ಕಂಡಳು.

"ರೀ! ಎಷ್ಟು ಸಲ ಫೋನ್ ಮಾಡೋದು? ಬಸ್ಸು ಬಂದು ನಿಂತಿದೆ. ಇಲ್ಲೇನು ಮಾಡ್ತಿದೀರಿ?"

"ಬರೋಕಾಗಲ್ಲ ಕಣೇ. ನನ್ನ ಒಪ್ಪಿಸಿಕೊಂಡಿದಾರೆ."

"ಅಂಥಾದ್ದೇನು ಮಾಡಿದ್ರಿ?"

"ಪಟ್ಟಿ ಮಾಡ್ದೆ."

ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಉತ್ತರ ಸಾಕಿತ್ತು. ಅಂಗೈ ಮುಂದೆ ಚಾಚಿದಳು. "ಟಿಕೆಟ್ಟು."

ಗುಮಾಸ್ತರು ಆಸೆಯಿಂದ ದಫೇದಾರರ ಮುಖ ನೋಡಿದರು.

"ಅದು ಪಟ್ಟೀಲಿಲ್ಲ ಸಾರ್. ಇಟ್ಕೊಳ್ಳೋ ಅಧಿಕಾರ ನನಗಿಲ್ಲ" ಎಂದರು ದಫೇದಾರರು. ಟಿಕೆಟ್ಟು ಸರಳಿನಿಂದಾಚೆ ಹೋಯಿತು.

ಹೆಂಡತಿ ಆಯಾಳತ್ತ ತಿರುಗಿದಳು. "ನೀನು ಸಮುದ್ರ ನೋಡಿದೀಯೇನೇ?"

"ಇಲ್ಲಮ್ಮಾ. ಬಕೆಟ್ಟಲ್ಲಿರೋದಷ್ಟೇ ನೋಡಿರೋದು."

"ಎಂಟನೇ ಸೀಟು ಖಾಲಿ ಇದೆ, ನಡಿ. ಆ ಪೊರಕೆ ಯಾಕೆ?"

"ಇಲ್ಲಿ ಬಿಟ್ರೆ ಇವರು ಪಟ್ಟಿಗೆ ಸೇರಿಸಿಬಿಡ್ತಾರಮ್ಮಾ."

ಬಸ್ಸು ಸರಿಯಾಗಿ ಆರೂವರೆಗೆ ಹೊರಟಿತು. ಕಿಟಕಿಯಿಂದ ಒಂದು ಕೈಯೂ ಒಂದು ಪೊರಕೆಯೂ ಬೀಸಿದವು. ಗುಮಾಸ್ತರು ತಮ್ಮದೇ ಕುರ್ಚಿಯಲ್ಲಿ, ಇಪ್ಪತ್ನಾಲ್ಕು ಕೋಲುಗಳ ನಡುವೆ ಕುಳಿತು ಸಮಾಧಾನ ಮಾಡಿಕೊಂಡರು. ಹೆಚ್ಚೆಂದರೆ ಎರಡು ದಿನ. ನಾಡಿದ್ದು ಹತ್ತು ಗಂಟೆಗೆ ಎಲ್ಲವೂ ವಾಪಸು. ಪಟ್ಟಿಯಂತೂ ಸರಿಯಾಗಿದೆ.

ಹೊತ್ತು ಹೋಗದೆ, ದಫೇದಾರರು ಕೊಟ್ಟಿದ್ದ ರಸೀದಿಯನ್ನು ತಿರುಗಿಸಿ ಹಿಂಬದಿ ಓದಿದರು. ಒಮ್ಮೆ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. "ಒಪ್ಪಿಸಿದ ವಸ್ತುಗಳನ್ನು, ಪಟ್ಟಿಗೆ ಸಹಿ ಮಾಡಿದವರೇ ಖುದ್ದಾಗಿ ಹೊರಗಿನ ಕಿಟಕಿಗೆ ಬಂದು ಬಿಡಿಸಿಕೊಳ್ಳತಕ್ಕದ್ದು."

"ದಫೇದಾರ್ರೇ" ಎಂದು ಮೆಲ್ಲಗೆ ಕರೆದರು. "ಸಹಿ ಮಾಡಿದವನು ನಾನು. ನಾಡಿದ್ದು ನನ್ನನ್ನ ಬಿಡಿಸಿಕೊಳ್ಳೋಕೆ ನಾನೇ ಬರಬೇಕಲ್ವಾ?"

ದಫೇದಾರರು ನಿಯಮವನ್ನು ಓದಿ, ನಿಧಾನವಾಗಿ ಯೋಚಿಸಿದರು.

"ಹೌದು ಸಾರ್" ಎಂದು ಬೀಗ ಜಗ್ಗಿ ನೋಡಿದರು. "ಹತ್ತು ಗಂಟೆಗೆ ಕಿಟಕಿ ತೆಗೀತೀನಿ. ನೀವು ಒಂಬತ್ತೂವರೆಗೇ ಬಂದು ಹೊರಗಡೆ ಕ್ಯೂನಲ್ಲಿ ನಿಂತ್ಕೊಳ್ಳಿ."